ಬೆನಗಲ್ ನರಸಿಂಗರಾಯರು

ಹಂಗಾರಕಟ್ಟೆಯ ಅಳಿವೆಯನ್ನು ಹಿಂದಿಕ್ಕಿ ಒಳನಾಡಿನತ್ತ ಸಾಗಿದರೆ ಬ್ರಹ್ಮಾವರ ಸೀಮೆಯಲ್ಲಿ ಬೆನಗಲ್ ಎಂಬ ಗ್ರಾಮವು ದೊರೆಯುತ್ತದೆ. ಈ ಗ್ರಾಮನಾಮವನ್ನು ತನ್ನ ಹೆಸರಿನೊಡನೆ ಧರಿಸಿದ ಸಾರಸ್ವತ ಮನೆತನವೊಂದು ಮೂವರು ಸಹೋದರರನ್ನು ದೇಶಸೇವೆಗೆ ನೀಡಿತು. ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಕರ್ತರೂ ಸಂವಿಧಾನ ಸಭೆಯ ಸದಸ್ಯರೂ ಆದರು. ಇವರ ಅಗ್ರಜರಾದ ನರಸಿಂಗರಾಯರು ಭಾರತ ಸಂವಿಧಾನದ ಮೊತ್ತಮೊದಲ ಕರಡನ್ನು ರಚಿಸಿದ ಮಹನೀಯರು. ರಾಷ್ಟ್ರವನ್ನು ಕಟ್ಟಿದ ಪೀಳಿಗೆಯನ್ನು ಪ್ರಶ್ನಾತೀತವೆಂದು ಪೂಜಿಸುವವರೂ ಇಂದಿನ ಸಕಲ ಅನಿಷ್ಟಗಳಿಗೆ ಅದನ್ನೇ ಹೊಣೆಮಾಡುವವರೂ ನಮ್ಮಲ್ಲಿದ್ದಾರೆ. ಈ ಎರಡು ಮಾರ್ಗಗಳೂ ಸಾಧುವಲ್ಲವೆಂಬುದನ್ನು ಅರಿಯಲು ನರಸಿಂಗರಾಯರ ಜೀವನಕ್ಕಿಂತ ಉತ್ತಮ ಪಾಠವಿರಲಾರದು.

1887ರ ಫೆಬ್ರುವರಿ 26ರಂದು ಜನಿಸಿದ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿಯೂ ಮದರಾಸಿನಲ್ಲಿಯೂ ವ್ಯಾಸಂಗ ಮಾಡಿ, ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಸ್ವಂತ ಪ್ರಾಂತವಾದ ಮದರಾಸಿಗೇ ನೇಮಕ ದೊರೆತಾಗ, ಅಲ್ಲಿ ತಮಗೆ ಬಂಧುಮಿತ್ರರೂ ಭೂಮಿಕಾಣಿಯೂ ಇರುವುದರಿಂದ ಬೇರೆ ಪ್ರಾಂತವನ್ನು ಕೊಡಬೇಕೆಂದು ಅವರು ತಾವಾಗಿಯೇ ಬಿನ್ನವಿಸಿಕೊಂಡರು. ಹೀಗೆ ಬಂಗಾಳಕ್ಕೆ ತೆರಳಿದರು. ಅಧಿಕಾರಕ್ಕೆ ಕಾಲಿಡುವ ಮುನ್ನವೇ ಪಕ್ಷಪಾತದ ಸಂಶಯಕ್ಕೂ ಎಡೆಗೊಡದ ಈ ನಡೆ ಅವರ ಸ್ವಭಾವಕ್ಕೆ ಕನ್ನಡಿಯಾಗಿದೆ. ಮುಂದೆ ಭಾರತದ ಶಾಸನಗಳೆಲ್ಲವನ್ನೂ 1935ರ ಕಾಯಿದೆಗೆ ಹೊಂದುವಂತೆ ಪರಿಷ್ಕರಿಸುವ ಕಾರ್ಯ, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಪದವಿ, 1944-45ರಲ್ಲಿ ಕಾಶ್ಮೀರ ಸಂಸ್ಥಾನದ ಪ್ರಧಾನಿ ಪದವಿ ಇವೆಲ್ಲವೂ ಅವರನ್ನು ಅರಸಿ ಬಂದವು.

1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಸಭೆಯಲ್ಲಿ ಅವರಿಗೆ ಸದಸ್ಯತ್ವವಿರಲಿಲ್ಲ, ಮತವಿರಲಿಲ್ಲ. ವೇತನವನ್ನೂ ಅವರು ಸ್ವೀಕರಿಸಲಿಲ್ಲ. ಪ್ರಪಂಚದ ನಾನಾ ಸಂವಿಧಾನಗಳನ್ನು ಮಥಿಸಿ 1947ರ ಅಕ್ಟೋಬರಿನಲ್ಲಿ 243 ವಿಧಿಗಳೂ 13 ಅನುಬಂಧಗಳೂ ಉಳ್ಳ ಕರಡನ್ನು ಸಿದ್ಧಪಡಿಸಿದರು. ಈ ಅಸ್ತಿಭಾರದ ಮೇಲೆಯೇ ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು 395 ವಿಧಿಗಳ ಸೌಧವನ್ನು ನಿರ್ಮಿಸಿತು. 1949ರ ನವೆಂಬರ್ 25ರಂದು ಅಂಬೇಡ್ಕರರು ತಮ್ಮ ಭಾಷಣದಲ್ಲಿ ತಮಗೆ ಸಂದ ಕೀರ್ತಿಯಲ್ಲಿ ರಾಯರಿಗೂ ಪಾಲುಂಟೆಂದು ಮುಕ್ತಕಂಠದಿಂದ ಸಾರಿದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಸ್ತುತಿಯಾದೀತು, ಚರಿತ್ರೆಯಾಗದು. ಕರಡು ಸಿದ್ಧವಾದ ಬಳಿಕ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಲ್ಲಿ ಸಂಚರಿಸಿದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರರೊಡನೆ ಸಮಾಲೋಚಿಸಿದರು. ಪ್ರಜೆಯ ಸ್ವಾತಂತ್ರ್ಯವನ್ನು ಹರಣಮಾಡುವ ಕಾನೂನು ನ್ಯಾಯಯುತವೇ ಎಂದು ತೂಗಿನೋಡುವ ಅಧಿಕಾರ ಆ ದೇಶದ ನ್ಯಾಯಾಲಯಗಳಿಗಿತ್ತು. ಅದೇ ಅಧಿಕಾರವನ್ನು ಬಳಸಿ ಅವು ಕಾರ್ಮಿಕರ ಹಿತದ ಶಾಸನಗಳನ್ನು ಹಿಂದೆ ರದ್ದುಗೊಳಿಸಿದ್ದುವು. ಜನರು ಆರಿಸಿದ ಶಾಸನಸಭೆಯ ನಿರ್ಧಾರವನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿಹಾಕುವುದು ಯುಕ್ತವಲ್ಲವೆಂಬ ಅಭಿಪ್ರಾಯ ರಾಯರಲ್ಲಿ ದೃಢವಾಯಿತು. ಕೊನೆಗೆ ನಮ್ಮ 21ನೆಯ ವಿಧಿಯಲ್ಲಿ ನ್ಯಾಯಯುತ ಕ್ರಮವೆಂಬ ಭಾವ ತೊಲಗಿ, ಕಾನೂನು ಗೊತ್ತುಪಡಿಸಿದ ಕ್ರಮವಿದ್ದರೆ ಸಾಕೆಂಬ ಅರ್ಥದ ಮಾತು ನೆಲೆಗೊಂಡಿತು.

ಇದೇ ಪ್ರವಾಸದಿಂದ ಮರಳಿದ ರಾಯರು ಇನ್ನೊಂದು ಸಲಹೆಯನ್ನೂ ಮುಂದಿಟ್ಟರು. ಬಡವರ ಏಳಿಗೆಗಾಗಿ ನಿರ್ದೇಶಕ ತತ್ತ್ವಗಳಂತೆ ರಚಿತವಾದ ಶಾಸನವು ಮೂಲಭೂತ ಹಕ್ಕಿಗೆ ವಿರೋಧವೆಂಬ ಕಾರಣದಿಂದ ಬಿದ್ದುಹೋಗಬಾರದು ಎಂಬುದೇ ಅದು. ಆಗ ಅದು ಅಂಗೀಕೃತವಾಗಲಿಲ್ಲ. 1951ರಲ್ಲಿ ಬಿಹಾರದ ಭೂಸುಧಾರಣೆಯ ಕಾಯಿದೆಯನ್ನು ಪಾಟ್ನಾ ಹೈಕೋರ್ಟು ರದ್ದುಗೊಳಿಸಿದಾಗ, ಭೂಶಾಸನಗಳ ರಕ್ಷಣೆಗಾಗಿ ಸಂವಿಧಾನದ ಮೊದಲ ತಿದ್ದುಪಡಿಯನ್ನೇ ತರಬೇಕಾಯಿತು. ಇದರ ಫಲವನ್ನು ಕರಾವಳಿಯ ಒಕ್ಕಲುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1974ರಲ್ಲಿ ಕರ್ನಾಟಕದ ಭೂಸುಧಾರಣೆಯು ಜಾರಿಗೆ ಬಂದು, ಚಾಲಗೇಣಿಯ ಗದ್ದೆಯಲ್ಲಿ ತಲೆಮಾರುಗಳಿಂದ ಬೆವರಿಳಿಸಿದವರು ಆ ಗದ್ದೆಗೆ ಒಡೆಯರಾದರು. ಭೂಮಿಕಾಣಿಯುಳ್ಳ ಮನೆತನದಲ್ಲಿ ಹುಟ್ಟಿದ ರಾಯರು ಇಂತಹ ಶಾಸನಗಳ ಮಾರ್ಗ ಸುಗಮವಾಗಲೆಂದು ಬಹು ಮುಂಚೆಯೇ ಯೋಚಿಸಿದ್ದರೆಂಬುದು ಸ್ಮರಣೀಯವಾಗಿದೆ.

ಆದರೆ ಅದೇ ವಿಶ್ವಾಸದ ಮತ್ತೊಂದು ಫಲ ಕಹಿಯಾಯಿತು. 1950ರಲ್ಲಿಯೇ ಎ. ಕೆ. ಗೋಪಾಲನ್ನರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 21ನೆಯ ವಿಧಿಯ ಅಕ್ಷರಾರ್ಥವನ್ನೇ ಎತ್ತಿಹಿಡಿದು, ವಿಚಾರಣೆಯಿಲ್ಲದ ಬಂಧನಕ್ಕೆ ಸಮ್ಮತಿಯಿತ್ತಿತು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಸಹಸ್ರಾರು ಜನರು ಸೆರೆಮನೆ ಸೇರಿದರು. ಆ ವಿಧಿಯ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗುವ ಹಕ್ಕೇ ಅಮಾನತುಗೊಂಡಿತು. 1976ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದಕ್ಕೆ ತಲೆಬಾಗಿತು. ಶಾಸನ ರಚಿಸುವವರು ಸದಾ ಸಜ್ಜನರೇ ಆಗಿರುವರೆಂಬ ನಂಬಿಕೆ ಆಗ ಕುಸಿಯಿತು. ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಗೊತ್ತುಪಡಿಸಿದ ಕ್ರಮವು ನ್ಯಾಯವೂ ಯುಕ್ತವೂ ಆಗಿರಬೇಕೆಂದು ಅದೇ ನ್ಯಾಯಾಲಯವು ಹೇಳಲು 1978ರವರೆಗೆ ಕಾಯಬೇಕಾಯಿತು. ಅದೇ ವರ್ಷದ 44ನೆಯ ತಿದ್ದುಪಡಿಯು ತುರ್ತುಪರಿಸ್ಥಿತಿಯಲ್ಲಿಯೂ 21ನೆಯ ವಿಧಿಯನ್ನು ಅಮಾನತಿನಲ್ಲಿಡಲಾಗದಂತೆ ಮಾಡಿತು. ರಾಯರು ಬಿಟ್ಟ ತೆರಪನ್ನು ಮುಚ್ಚಲು ಮೂರು ದಶಕಗಳು ಹಿಡಿದುವು.

ಬದುಕಿನಲ್ಲಿ ಸೋತು ಮರಣಾನಂತರ ಗೆದ್ದ ಕಾರ್ಯವೂ ಅವರದೊಂದುಂಟು. 1941ರಲ್ಲಿ ನೇಮಕಗೊಂಡ ಹಿಂದೂ ಕಾನೂನು ಸಮಿತಿಗೆ ಅವರೇ ಅಧ್ಯಕ್ಷರು. 1944ರಲ್ಲಿ ಪುನಃ ಚಾಲನೆಗೊಂಡ ಆ ಸಮಿತಿಯು ಪ್ರಾಂತಗಳನ್ನು ಸುತ್ತಿ ಸಾಕ್ಷ್ಯಗಳನ್ನು ಕೇಳಿತು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಏಕಪತ್ನೀತ್ವ, ವಿಚ್ಛೇದನದ ಅವಕಾಶ ಇವುಗಳನ್ನು ಒಳಗೊಂಡ ಸಂಹಿತೆಯನ್ನು ಸಿದ್ಧಪಡಿಸಿತು. ವಿರೋಧದ ಬಿರುಗಾಳಿಯಲ್ಲಿ ಮಸೂದೆ ನಿಂತುಹೋಯಿತು. ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ತ್ಯಜಿಸಿದರು. 1955-56ರಲ್ಲಿ ಅದು ಬಿಡಿಬಿಡಿಯಾಗಿ ಕಾನೂನಾದಾಗ ನೋಡಿ ಸಂತೋಷಿಸಲು ರಾಯರಿರಲಿಲ್ಲ.

1950ರ ಜೂನಿನಲ್ಲಿ ಕೊರಿಯಾ ಯುದ್ಧವು ಸ್ಫೋಟಗೊಂಡಾಗ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ಭಾರತದ ಪ್ರತಿನಿಧಿಯಾದ ರಾಯರೇ. 1952ರಲ್ಲಿ ಅವರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜೂರಿಕ್ ನಗರದಲ್ಲಿ ದೇಹತ್ಯಾಗ ಮಾಡಿದರು.

ರೈತನಿಗೆ ನೆಲ ದೊರೆಯುವ ಬಾಗಿಲನ್ನು ತೆರೆಯಬಯಸಿದ ವಿಶ್ವಾಸವೇ ಸೆರೆಯಾಳಿಗೆ ನ್ಯಾಯದ ಬಾಗಿಲನ್ನು ಮುಚ್ಚಿತು. ರಾಯರಲ್ಲಿ ಸ್ವಾರ್ಥದ ಲೇಶವೂ ಇರಲಿಲ್ಲ. ತಮ್ಮಂತೆಯೇ ಮುಂದಿನ ಆಳುವವರೂ ನಿಃಸ್ವಾರ್ಥಿಗಳಾಗಿರುವರೆಂದು ಅವರು ಭಾವಿಸಿದರು. ಆ ಪೀಳಿಗೆಯ ಹಿರಿಮೆಯೂ ಅದೇ, ಕೊರತೆಯೂ ಅದೇ. ಸಂವಿಧಾನವನ್ನು ಓದಲಿರುವ ವಿದ್ಯಾರ್ಥಿಗಳು ಅದರ ಕರಡುಕಾರರಿಗೆ ಕೃತಜ್ಞರಾಗಿರಲಿ. ಅವರು ಎಡವಿದ ಎಡೆಯನ್ನೂ ಗುರುತಿಸಿಕೊಳ್ಳಲಿ. ಹಿರಿಯರು ಬಿಟ್ಟುಹೋದ ಮನೆಯ ಸೋರುವ ಮಾಡಿಗೆ ಹಂಚು ಹೊದೆಸುವುದು ಮಕ್ಕಳ ಕರ್ತವ್ಯ. ಮನೆಯನ್ನೇ ಹಳಿದು ಹೊರನಡೆಯುವುದಲ್ಲ.