ನೊಬೆಲನ ಎದೆನೋವು

ಆಳಂದದ ಸೀಮೆಯಲ್ಲಿ ಬಾವಿ ತೋಡುವವರಿಗೆ ಎರೆಮಣ್ಣಿನ ಕೆಳಗೆ ಕರಿಗಲ್ಲು ಎದುರಾಗುತ್ತದೆ. ಆ ಕಲ್ಲನ್ನು ಜಿಲೆಟಿನ್ ಕಡ್ಡಿಗಳಿಂದ ಸಿಡಿಸಿ, ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಬಾವಿಗಳನ್ನು ತೋಡಿಸಿದವರು ನನ್ನ ಸೋದರಮಾವ. ಅವರ ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟಿನ ಜೊತೆಗೆ ಪುಟ್ಟ ಗುಳಿಗೆಗಳಿರುತ್ತಿದ್ದವು. ಎದೆನೋವು ಬಂದಾಗ ಒಂದನ್ನು ನಾಲಗೆಯ ಕೆಳಗಿಟ್ಟುಕೊಳ್ಳುತ್ತಿದ್ದರು. ಬಂಡೆಯ ಮದ್ದಿಗೂ ಎದೆಯ ಮದ್ದಿಗೂ ಮೂಲ ಒಂದೇ ಎಂಬುದು ನನಗೆ ತಿಳಿದದ್ದು ಆಲ್‌ಫ್ರೆಡ್ ನೊಬೆಲನ ಚರಿತ್ರೆಯನ್ನು ಓದಿದಾಗ.

ನೊಬೆಲ್ ಹುಟ್ಟಿದ್ದು 1833ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಇಟಲಿಯ ಸೊಬ್ರೆರೊ 1847ರಲ್ಲಿ ಕಂಡುಹಿಡಿದಿದ್ದ ನೈಟ್ರೋಗ್ಲಿಸರಿನ್ ಅವನ ಬಾಳನ್ನೆಲ್ಲ ಆವರಿಸಿತು. ಎಣ್ಣೆಯಂಥ ಆ ದ್ರವ ಅಲುಗಿದರೆ ಸಿಡಿಯುವಂಥದು. 1864ರ ಸ್ಫೋಟದಲ್ಲಿ ತಮ್ಮ ಎಮಿಲ್ ಮಡಿದ. ಆದರೂ ಕೈಬಿಡದೆ, ಅದನ್ನು ಒಂದು ಬಗೆಯ ಹಗುರವಾದ ಮಣ್ಣಿಗೆ ಹೀರಿಸಿ ಪಳಗಿಸಿದ; 1867ರಲ್ಲಿ ಡೈನಮೈಟ್ ಹುಟ್ಟಿತು. ಅದನ್ನು ಮುಟ್ಟಿದವರಿಗೆ ಘೋರವಾದ ತಲೆನೋವು ಬರುತ್ತಿತ್ತು. ರಕ್ತನಾಳಗಳು ಹಿಗ್ಗುವುದರ ಫಲ ಅದು. 1879ರಲ್ಲಿ ಲಂಡನಿನ ವೈದ್ಯ ವಿಲಿಯಂ ಮರೆಲ್ ಅದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಹೃದಯಶೂಲೆಗೆ ಔಷಧವೆಂದು ಪ್ರಕಟಿಸಿದ.

ಮಡದಿ ಮಕ್ಕಳಿಲ್ಲದ ನೊಬೆಲನಿಗೂ ಇಳಿವಯಸ್ಸಿನಲ್ಲಿ ಹೃದಯಶೂಲೆ ಬಂತು. ಆ ದಿನಗಳಲ್ಲಿ ಅವನು ನಾಟಕವೊಂದನ್ನು ಬರೆಯುತ್ತಿದ್ದನೆಂಬುದನ್ನು ಸಾಹಿತ್ಯದ ಮೇಷ್ಟರಾದ ನಾನು ಹೇಳದಿರಲಾರೆ. 1896ರಲ್ಲಿ ವೈದ್ಯರು ಬರೆದುಕೊಟ್ಟ ಔಷಧ ನೈಟ್ರೋಗ್ಲಿಸರಿನ್ನೇ! ಜನ ಬೆದರದಿರಲೆಂದು ಅದಕ್ಕೆ ಬೇರೆ ಹೆಸರಿಟ್ಟಿದ್ದರು. ಈ ವಿಧಿವಿಲಾಸವನ್ನು ಅವನು ಕಾಗದವೊಂದರಲ್ಲಿ ತೋಡಿಕೊಂಡ. ಅದೇ ಡಿಸೆಂಬರ್ 10ರಂದು, ಇಟಲಿಯ ಸಾನ್ ರೆಮೊದಲ್ಲಿ, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ.

ಆ ಮದ್ದು ನಾಳವನ್ನು ಹಿಗ್ಗಿಸುವ ಬಗೆ ಅವನಿಗೂ ಅವನ ವೈದ್ಯರಿಗೂ ತಿಳಿದಿರಲಿಲ್ಲ. ನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ಹೊದಿಕೆಯುಂಟು. ಅದು ಅಂಗಿಯ ಅಸ್ತರಿನಂತೆ ಬರಿಯ ಹೊದಿಕೆಯೆಂದು ಬಹುಕಾಲ ಎಣಿಸಿದ್ದರು. 1980ರಲ್ಲಿ ಅಮೆರಿಕದ ಫರ್ಚ್‌ಗಾಟ್, ಮೊಲದ ರಕ್ತನಾಳದ ಒಳಪದರವನ್ನು ಉಜ್ಜಿ ತೆಗೆದರೆ, ನಾಳವನ್ನು ಸಡಿಲಿಸುವ ದ್ರವ್ಯ ನಿಷ್ಫಲವಾಗುವುದೆಂದು ತೋರಿಸಿದ. ಆ ಪದರವೇ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸಿ ನಾಳವನ್ನು ಸಡಿಲಿಸುತ್ತದೆ, ನೆತ್ತರು ಹೆಪ್ಪುಗಟ್ಟದಂತೆ ಕಾಯುತ್ತದೆ. ತಂಬಾಕಿನ ಹೊಗೆ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡಗಳಿಂದ ಅದು ಕೆಟ್ಟರೆ ನಾಳ ಬಿಗಿಯುತ್ತದೆ, ಗೋಡೆಯೊಳಗೆ ಕೊಬ್ಬು ಸೇರುತ್ತದೆ. ನೈಟ್ರೋಗ್ಲಿಸರಿನ್ ಅದೇ ಅನಿಲವನ್ನು ಹೊರಗಿನಿಂದ ಒದಗಿಸುತ್ತದೆ. ಕೆಟ್ಟ ಪದರವನ್ನು ಮಾತ್ರ ರಿಪೇರಿ ಮಾಡದು.

ಈ ಶೋಧಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ 1998ರಲ್ಲಿ ಪಡೆದದ್ದು ನೊಬೆಲನ ಹೆಸರಿನ ಪಾರಿತೋಷಕವನ್ನೇ. ನನ್ನ ಮಾವನಿಗೆ ಈ ಕಥೆಯನ್ನು ಹೇಳುವ ಅವಕಾಶ ನನಗೆ ಸಿಗಲಿಲ್ಲ. ಗುಳಿಗೆಯನ್ನು ನಂಬಿ ಬೀಡಿಯನ್ನು ಬಿಡದಿದ್ದ ಅವರು ಅದಕ್ಕೆ ಮುನ್ನವೇ ಅಫಜಲಪುರದಲ್ಲಿ, ಭೀಮೆಯ ದಂಡೆಯ ಹೊಲದಲ್ಲಿ ಕುಸಿದಿದ್ದರು.