ಬಿ. ಆರ್. ಶೆಣೈ

ಬೆಳ್ಳಿಕೋತ್ ರಘುನಾಥ ಶೆಣೈ (3 ಜೂನ್ 1905 – 8 ಫೆಬ್ರುವರಿ 1978) ಭಾರತದ ಪ್ರಮುಖ ಅರ್ಥಶಾಸ್ತ್ರಜ್ಞರಲ್ಲಿ ಒಬ್ಬರು. ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದ ಏಕೈಕ ಸದಸ್ಯರೆಂದು ಇವರು ಪ್ರಸಿದ್ಧರಾಗಿದ್ದಾರೆ. ಸರ್ಕಾರದ ಅಧಿಕಾರಕ್ಕೆ ಮಿತಿಯಿರಬೇಕು, ಉತ್ಪಾದನೆ ಮತ್ತು ವ್ಯಾಪಾರಗಳು ಮುಕ್ತ ಮಾರುಕಟ್ಟೆಯಲ್ಲಿ ನಡೆಯಬೇಕು ಎಂಬ ಇವರ ನಿಲುವನ್ನು ಆರ್ಥಿಕ ಬಲಪಂಥವೆಂದು ಗುರುತಿಸಲಾಗುತ್ತದೆ. ಬಲಪಂಥವೆಂಬ ಪದವನ್ನು ಸಾಂಸ್ಕೃತಿಕ ರಾಷ್ಟ್ರವಾದಕ್ಕೂ ಬಳಸುವುದುಂಟು. ಆದರೆ ಶೆಣೈಯವರ ಬರಹಗಳ ವಿಷಯ ಹಣ, ಬೆಲೆ ಹಾಗೂ ಸರ್ಕಾರದ ಆರ್ಥಿಕ ಅಧಿಕಾರ.

ಜನನ ಮತ್ತು ಶಿಕ್ಷಣ

ಶೆಣೈಯವರು ಬೆಳ್ಳಿಕೋತ್ ಗ್ರಾಮದಲ್ಲಿ ಜನಿಸಿದರು. ಅಂದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಊರು ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ವಿದ್ಯಾರ್ಥಿದೆಸೆಯಲ್ಲಿ ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು ಸೆರೆವಾಸ ಅನುಭವಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ತೆರಳಿದರು. 1931ರಲ್ಲಿ ಫ್ರೆಡ್ರಿಕ್ ಹಾಯೆಕ್ ಅಲ್ಲಿ ನೀಡಿದ ಉಪನ್ಯಾಸಗಳು ಇವರ ಚಿಂತನೆಯನ್ನು ರೂಪಿಸಿದವು.

ವೃತ್ತಿಜೀವನ

ಭಾರತ ಮತ್ತು ಸಿಲೋನಿನಲ್ಲಿ ಅಧ್ಯಾಪಕರಾಗಿದ್ದ ಶೆಣೈಯವರು ಅನಂತರ ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿದರು. 1954ರಿಂದ 1968ರವರೆಗೆ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನ ವಿಭಾಗದ ನಿರ್ದೇಶಕರಾಗಿದ್ದರು. ಬಳಿಕ ದೆಹಲಿಯಲ್ಲಿ ಆರ್ಥಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿ, ಕೊನೆಯವರೆಗೂ ಅದನ್ನು ಮುನ್ನಡೆಸಿದರು.

ಭಿನ್ನಮತದ ಟಿಪ್ಪಣಿ

ಪಿ. ಸಿ. ಮಹಲನೋಬಿಸ್ ರೂಪಿಸಿದ ಎರಡನೆಯ ಯೋಜನೆಯ ಚೌಕಟ್ಟು ಭಾರೀ ಕೈಗಾರಿಕೆಗಳಿಗೆ ಆದ್ಯತೆ ನೀಡಿತ್ತು. ಸಾರ್ವಜನಿಕ ವಲಯಕ್ಕೆ ಅಂತಿಮವಾಗಿ ಗೊತ್ತುಪಡಿಸಿದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಖೋತಾ ಹಣಕಾಸಿನಿಂದ, ಅಂದರೆ ಮುಖ್ಯವಾಗಿ ಹೊಸ ಹಣವನ್ನು ಚಲಾವಣೆಗೆ ತರುವುದರಿಂದ, ಭರಿಸಬೇಕಾಗಿತ್ತು. 1955ರಲ್ಲಿ ಮಂಡಲಿಯ ಇತರ ಸದಸ್ಯರು ಯೋಜನೆಯ ಮೂಲತತ್ತ್ವಗಳಿಗೆ ಒಪ್ಪಿಗೆ ಸೂಚಿಸಿದಾಗ ಶೆಣೈಯವರು ಪ್ರತ್ಯೇಕ ಟಿಪ್ಪಣಿ ಸಲ್ಲಿಸಿದರು.

ದೇಶದ ಉಳಿತಾಯವನ್ನು ಮೀರಿ ಹೂಡಿಕೆ ಮಾಡಲಾಗದು ಎಂಬುದು ಅವರ ವಾದದ ತಿರುಳು. ಹಣವನ್ನು ಹೆಚ್ಚಿಸಿದ ಮಾತ್ರಕ್ಕೆ ಧಾನ್ಯ, ಕಬ್ಬಿಣ, ಸಿಮೆಂಟು ಹೆಚ್ಚಾಗುವುದಿಲ್ಲ. ಇರುವ ಸರಕುಗಳ ಬೆಲೆಯಷ್ಟೇ ಏರುತ್ತದೆ. ಆ ಏರಿಕೆಯ ಹೊರೆ ಕೂಲಿ ಮತ್ತು ಸಂಬಳವನ್ನು ನಂಬಿದವರ ಮೇಲೆ ಬೀಳುತ್ತದೆ. ಆಮದು ಹೆಚ್ಚಿ ವಿದೇಶಿ ವಿನಿಮಯ ಕರಗುತ್ತದೆ. ಇದನ್ನು ತಡೆಯಲು ಸರ್ಕಾರ ನಿಯಂತ್ರಣಗಳನ್ನು ಹೇರುತ್ತದೆ, ಒಂದು ನಿಯಂತ್ರಣವು ಮತ್ತೊಂದನ್ನು ಅಗತ್ಯವಾಗಿಸುತ್ತದೆ. ಹೀಗೆ ಬೆಳೆಯುವ ಅಧಿಕಾರವು ಪ್ರಜಾಪ್ರಭುತ್ವಕ್ಕೇ ಅಪಾಯಕಾರಿ ಎಂದು ಅವರು ಎಚ್ಚರಿಸಿದರು.

1957ರ ವೇಳೆಗೆ ದೇಶವು ತೀವ್ರ ವಿದೇಶಿ ವಿನಿಮಯ ಬಿಕ್ಕಟ್ಟಿಗೆ ಸಿಲುಕಿತು. ಮರುವರ್ಷ ಯೋಜನೆಯ ಗಾತ್ರವನ್ನು 4,500 ಕೋಟಿಗೆ ಇಳಿಸಲಾಯಿತು. 6 ಜೂನ್ 1966ರಂದು ರೂಪಾಯಿಯನ್ನು ಅಪಮೌಲ್ಯಗೊಳಿಸಿ, ಡಾಲರಿನ ಬೆಲೆಯನ್ನು 4.76ರಿಂದ 7.50 ರೂಪಾಯಿಗೆ ಏರಿಸಲಾಯಿತು.

ಇತರ ನಿಲುವುಗಳು

ಪರವಾನಗಿ ಪದ್ಧತಿಯು ಸಮಾನತೆಯ ಹೆಸರಿನಲ್ಲಿ ಅಸಮಾನತೆಯನ್ನು ಬೆಳೆಸುತ್ತದೆ ಎಂಬುದು ಶೆಣೈಯವರ ಅಭಿಪ್ರಾಯ. ಆಮದಿನ ಸರಕಿನ ಮೂಲ ಬೆಲೆಗೂ ದೇಶದೊಳಗಿನ ಬೆಲೆಗೂ ಇರುವ ಅಂತರವು ಪರವಾನಗಿ ಪಡೆದ ಕೆಲವರ ಪಾಲಾಗುತ್ತದೆ ಎಂದು ಅವರು ವಿವರಿಸಿದರು. ವಿದೇಶಿ ನೆರವು ತಪ್ಪು ನೀತಿಗಳಿಗೆ ಊರುಗೋಲಾಗುತ್ತದೆ, ಅಮೆರಿಕದಿಂದ ಬರುವ ಪಿ.ಎಲ್. 480 ಧಾನ್ಯವು ದೇಶದ ರೈತನ ಉತ್ಸಾಹವನ್ನು ಕುಗ್ಗಿಸುತ್ತದೆ ಎಂದೂ ವಾದಿಸಿದರು. 1959ರಲ್ಲಿ ಸಿ. ರಾಜಗೋಪಾಲಾಚಾರಿ ಸ್ಥಾಪಿಸಿದ ಸ್ವತಂತ್ರ ಪಕ್ಷದ ಆರ್ಥಿಕ ಧೋರಣೆಯಲ್ಲಿಯೂ ಇಂಥ ವಿಚಾರಗಳು ಕಾಣುತ್ತವೆ. ಹಾಯೆಕ್ ಸ್ಥಾಪಿಸಿದ ಮಾಂಟ್ ಪೆಲೆರಿನ್ ಸೊಸೈಟಿಗೆ ಶೆಣೈಯವರು ಸದಸ್ಯರಾಗಿದ್ದರು.

ಟೀಕೆ

ಮೂಲ ಕೈಗಾರಿಕೆಗಳಿಗೆ ಬೇಕಾದ ಬೃಹತ್ ಬಂಡವಾಳವನ್ನು ಖಾಸಗಿ ವಲಯವು ಅಂದು ಒದಗಿಸಲಾರದಾಗಿತ್ತು ಎಂಬುದು ಯೋಜನೆಯ ಸಮರ್ಥಕರ ಉತ್ತರ. ಭಿಲಾಯಿ, ರೂರ್ಕೆಲಾ, ದುರ್ಗಾಪುರ ಉಕ್ಕಿನ ಕಾರ್ಖಾನೆಗಳನ್ನು ಅವರು ನಿದರ್ಶನವಾಗಿ ತೋರಿಸುತ್ತಾರೆ. ಕೊಳ್ಳುವ ಶಕ್ತಿಯಿಲ್ಲದ ಭೂರಹಿತರಿಗೆ ಮಾರುಕಟ್ಟೆಯ ಸ್ವಾತಂತ್ರ್ಯದಿಂದ ಏನು ಪ್ರಯೋಜನ ಎಂಬ ಪ್ರಶ್ನೆಯನ್ನೂ ಎಡಪಂಥೀಯರು ಎತ್ತಿದ್ದಾರೆ.

ಕೃತಿಗಳು ಮತ್ತು ಪ್ರಭಾವ

ಸಿಲೋನಿನ ನಾಣ್ಯ ಮತ್ತು ಬ್ಯಾಂಕಿಂಗ್, ಭಾರತದ ಆರ್ಥಿಕ ಅಭಿವೃದ್ಧಿಯ ಸಮಸ್ಯೆಗಳು, ಭಾರತದ ಆರ್ಥಿಕ ನೀತಿ, ಪಿ.ಎಲ್. 480 ನೆರವು ಇವುಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ರಚಿಸಿದ್ದಾರೆ. ಪತ್ರಿಕೆಗಳಿಗೂ ನಿರಂತರವಾಗಿ ಬರೆಯುತ್ತಿದ್ದರು. ಇವರ ಮಗಳು ಸುಧಾ ಶೆಣೈ ಕೂಡ ಅರ್ಥಶಾಸ್ತ್ರಜ್ಞೆಯಾಗಿ ಹೆಸರಾದರು.

ಶೆಣೈಯವರು 1978ರಲ್ಲಿ ನಿಧನರಾದಾಗ ಅವರು ವಿರೋಧಿಸಿದ್ದ ಪರವಾನಗಿ ವ್ಯವಸ್ಥೆ ಬಲವಾಗಿಯೇ ಇತ್ತು. ಹದಿಮೂರು ವರ್ಷಗಳ ನಂತರ, 1991ರಲ್ಲಿ, ಮತ್ತೊಂದು ವಿದೇಶಿ ವಿನಿಮಯ ಬಿಕ್ಕಟ್ಟಿನ ನಡುವೆ ಕೈಗಾರಿಕಾ ಪರವಾನಗಿಯನ್ನು ಬಹುತೇಕ ಕ್ಷೇತ್ರಗಳಲ್ಲಿ ರದ್ದುಪಡಿಸಲಾಯಿತು. ಆ ಬಳಿಕ ಇವರ 1955ರ ಟಿಪ್ಪಣಿಯು ಅರ್ಥಶಾಸ್ತ್ರದ ಅಭ್ಯಾಸಿಗಳ ಗಮನವನ್ನು ಮತ್ತೆ ಸೆಳೆಯಿತು.