ಶಬ್ದಭಾಂಡಾರಿ ಪೀಟರ್ ಮಾರ್ಕ್ ರೋಜೆ

ಭಾವವು ಮನದಲ್ಲಿ ಸ್ಪಷ್ಟವಾಗಿ ನಿಂತಿದ್ದರೂ ಅದಕ್ಕೆ ತಕ್ಕ ಶಬ್ದವು ದೊರೆಯದೆ ಲೇಖನಿಯು ಸ್ತಬ್ಧವಾಗುವ ಸಂಕಟವನ್ನು ಬರೆಹಗಾರರೆಲ್ಲರೂ ಬಲ್ಲರು. ಅಲ್ಲಿ ನಿಘಂಟು ನೆರವಾಗದು. ಅದು ಶಬ್ದ ಬಲ್ಲವನಿಗೆ ಅರ್ಥವನ್ನು ತಿಳಿಸುವುದೇ ಹೊರತು ಅರ್ಥ ಬಲ್ಲವನಿಗೆ ಶಬ್ದವನ್ನು ಒದಗಿಸದು. ಆಂಗ್ಲಭಾಷೆಯಲ್ಲಿ ಈ ಕೊರತೆಯನ್ನು ನೀಗಿದವರು ಪೀಟರ್ ಮಾರ್ಕ್ ರೋಜೆಯವರು. ಅವರು ಭಾಷಾಪಂಡಿತರಲ್ಲ, ವೃತ್ತಿಯಿಂದ ವೈದ್ಯರೆಂಬುದು ಗಮನಾರ್ಹ.

ಕ್ರಿ.ಶ. 1779ನೆಯ ಜನವರಿ 18ರಂದು ರೋಜೆಯವರು ಲಂಡನ್ನಿನಲ್ಲಿ ಜನಿಸಿದರು. ತಂದೆ ಜಿನೀವಾದಿಂದ ಬಂದ ಪಾದ್ರಿಗಳು. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಕ್ಷಯರೋಗದಿಂದ ತೀರಿಕೊಂಡರು. ತಾಯಿಯ ವಂಶದಲ್ಲಿ ಮನೋವ್ಯಾಧಿಯ ನೆರಳಿತ್ತು. ತಾಯಿಯೂ ಮುಪ್ಪಿನಲ್ಲಿ ಅದಕ್ಕೆ ತುತ್ತಾದರು. ಅಂತಹ ನೆಲೆಯಿಲ್ಲದ ಬಾಲ್ಯದಲ್ಲಿ ಆ ಹುಡುಗನು ಪುಸ್ತಕವೊಂದನ್ನಿಟ್ಟುಕೊಂಡು ಲ್ಯಾಟಿನ್ ಶಬ್ದಗಳನ್ನೂ ಅವುಗಳ ಇಂಗ್ಲಿಷ್ ಅರ್ಥಗಳನ್ನೂ ವಿಷಯಾನುಸಾರವಾಗಿ ಪಟ್ಟಿ ಮಾಡತೊಡಗಿದನು. ಹೊರಗಿನ ಅಸ್ತವ್ಯಸ್ತತೆಗೆ ಈ ಪಟ್ಟಿಗಳೇ ಒಂದು ಕಟ್ಟುಪಾಡಾಗಿದ್ದುವೆಂದು ಊಹಿಸಿದರೆ ತಪ್ಪಾಗಲಾರದು.

ಹದಿನಾಲ್ಕನೆಯ ವಯಸ್ಸಿನಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿ, 1798ರಲ್ಲಿ ವೈದ್ಯ ಪದವಿಯನ್ನು ಪಡೆದರು. ಕೆಲಕಾಲಾನಂತರ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವೈದ್ಯರಾದರು. ಹಗಲು ರೋಗಿಗಳ ಶುಶ್ರೂಷೆ, ಉಪನ್ಯಾಸ. ಬಿಡುವಿನಲ್ಲಿ ಮತ್ತೆ ಶಬ್ದಸಂಗ್ರಹ. 1805ರಲ್ಲಿ ಸಿದ್ಧವಾದ ಹಸ್ತಪ್ರತಿಯಲ್ಲಿ ಸುಮಾರು 15,000 ಶಬ್ದಗಳಿದ್ದುವು. ಅದನ್ನು ಅಚ್ಚಿಗೆ ಕೊಡದೆ, ತಮ್ಮ ಬರೆವಣಿಗೆಯ ನೆರವಿಗೆಂದೇ ಸುಮಾರು ನಾಲ್ವತ್ತೈದು ವರ್ಷ ಬಳಿಯಲ್ಲಿಟ್ಟುಕೊಂಡರು.

1808ರಲ್ಲಿ ಲಂಡನ್ನಿಗೆ ಬಂದ ಮೇಲೆ ಅವರ ಕೀರ್ತಿ ವಿಜ್ಞಾನಕ್ಷೇತ್ರದಲ್ಲಿ ಹಬ್ಬಿತು. ಗಣಿತಕ್ಕೆ ಒದಗುವ ಹೊಸ ಬಗೆಯ ಸ್ಲೈಡ್ ರೂಲನ್ನು ರೂಪಿಸಿ 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1827ರಿಂದ 1848ರವರೆಗೆ ಅದರ ಕಾರ್ಯದರ್ಶಿಗಳಾಗಿದ್ದರು. ದುಃಖವು ಮಾತ್ರ ಬೆನ್ನು ಬಿಡಲಿಲ್ಲ. ತಂದೆಯ ಸ್ಥಾನದಲ್ಲಿದ್ದ ಸೋದರಮಾವ, ಹೆಸರಾಂತ ನ್ಯಾಯವೇತ್ತ ಸರ್ ಸ್ಯಾಮ್ಯುಯೆಲ್ ರಾಮಿಲಿಯವರು ಪತ್ನೀವಿಯೋಗದಿಂದ ಕಂಗೆಟ್ಟು 1818ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಆರೈಕೆಗೆ ನಿಂತಿದ್ದ ರೋಜೆಯವರ ವೈದ್ಯವಿದ್ಯೆ ಅಂದು ನಿಷ್ಫಲವಾಯಿತು. 1833ರಲ್ಲಿ ಪತ್ನಿ ಮೇರಿಯವರೂ ಇಬ್ಬರು ಮಕ್ಕಳನ್ನು ಬಿಟ್ಟು ಅಗಲಿದರು.

ಎಪ್ಪತ್ತರ ಹರೆಯದಲ್ಲಿ ಅನ್ಯರು ಜಪಮಾಲೆ ಹಿಡಿಯುವಾಗ ಅವರು ಹಳೆಯ ಹಸ್ತಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡರು. 1852ರಲ್ಲಿ ಲಾಂಗ್‌ಮನ್ ಸಂಸ್ಥೆಯು ಪ್ರಕಟಿಸಿದ ಆ ಗ್ರಂಥವೇ ಥಿಸಾರಸ್. ಗ್ರೀಕ್ ಮೂಲದ ಈ ಶಬ್ದಕ್ಕೆ ಭಂಡಾರವೆಂದರ್ಥ; ನಮ್ಮ ಕೋಶ ಶಬ್ದಕ್ಕೂ ಅದೇ ಅರ್ಥವುಂಟು. ಸಾಮ್ಯವು ಹೆಸರಿನಲ್ಲಷ್ಟೇ ಅಲ್ಲ. ಕನ್ನಡನಾಡಿನ ಸಂಸ್ಕೃತ ಪಾಠಶಾಲೆಗಳಲ್ಲಿ ತಲೆಮಾರುಗಳಿಂದ ಬಾಯಿಪಾಠವಾಗಿ ಬಂದ ಅಮರಕೋಶವನ್ನು ರೋಜೆಯವರು ತಮ್ಮ ಪೀಠಿಕೆಯ ಟಿಪ್ಪಣಿಯಲ್ಲಿ ಪೂರ್ವಕೃತಿಯೆಂದು ಹೆಸರಿಸಿದ್ದಾರೆ. 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೋಲ್‌ಬ್ರೂಕರ ಅನುವಾದದಿಂದ ಅವರು ಅದನ್ನು ಬಲ್ಲರು. ಆದರೆ ಅಮೂರ್ತ ಭಾವಗಳ ವಿಷಯದಲ್ಲಿ ಅದರ ವರ್ಗೀಕರಣವು ಅಪೂರ್ಣವೂ ಗೊಂದಲಮಯವೂ ಆಗಿದೆಯೆಂದು ಆಕ್ಷೇಪಿಸಿದರು. ಈ ತೀರ್ಪು ಪೂರ್ಣ ನ್ಯಾಯವಾದುದಲ್ಲ. ಅಮರಸಿಂಹನು ಧೀವರ್ಗವೆಂದು ಬುದ್ಧಿವ್ಯಾಪಾರಗಳಿಗೇ ಒಂದು ವರ್ಗವನ್ನು ಮೀಸಲಿಟ್ಟಿದ್ದಾನೆ. ಕಂಠಸ್ಥವಾಗಲೆಂದು ಶ್ಲೋಕದಲ್ಲಿ ಕಟ್ಟಿ, ನಾಮದೊಡನೆ ಲಿಂಗವನ್ನೂ ಕಲಿಸುವುದು ಅವನ ಉದ್ದೇಶ. ಆದರೂ ಪರಸ್ಪರ ವಿರುದ್ಧವಾದ ಭಾವಗಳನ್ನು ಪುಟದ ಎರಡು ಅಂಕಣಗಳಲ್ಲಿ ಎದುರುಬದುರಾಗಿ ನಿಲ್ಲಿಸುವ ಕ್ರಮವು ಅಮರನಲ್ಲಿಲ್ಲ, ಅದು ರೋಜೆಯವರದು.

ಅಮರನು ಸ್ವರ್ಗದಿಂದ ಆರಂಭಿಸಿದರೆ ರೋಜೆಯವರು ಅಸ್ತಿತ್ವದಿಂದ ಆರಂಭಿಸುತ್ತಾರೆ, ಅದರೆದುರಿಗೆ ನಾಸ್ತಿತ್ವ. ಅಮೂರ್ತ ಸಂಬಂಧ, ಆಕಾಶ, ದ್ರವ್ಯ, ಬುದ್ಧಿ, ಸಂಕಲ್ಪ, ಭಾವ ಎಂಬ ಆರು ವರ್ಗಗಳಲ್ಲಿ 1,000 ಶೀರ್ಷಿಕೆಗಳು. ಬೇಕಾದ ಶಬ್ದಕ್ಕೆ ಹತ್ತಿರವಾದ ಯಾವುದಾದರೊಂದನ್ನು ಕೊನೆಯ ಅಕಾರಾದಿಯಲ್ಲಿ ನೋಡಿದರೆ ಸಂಖ್ಯೆ ದೊರೆಯುತ್ತದೆ. ಆ ಸಂಖ್ಯೆಯ ಕೆಳಗೆ ಅದರ ಬಳಗವೆಲ್ಲ ಕುಳಿತಿರುತ್ತದೆ.

ವಿರುದ್ಧಪದಗಳ ವಿಷಯದಲ್ಲಿ ಅವರ ವಿವೇಚನೆ ಬಹು ಸೂಕ್ಷ್ಮವಾದುದು. ಒಂದು ಶಬ್ದಕ್ಕೆ ಒಂದೇ ವಿರುದ್ಧಪದವೆಂದು ಒಪ್ಪಿಸುವ ವಿದ್ಯಾರ್ಥಿಗಳು ಇದನ್ನು ಅವಶ್ಯ ಅರಿಯಬೇಕು. ಇಂಗ್ಲಿಷಿನ ಓಲ್ಡ್ ಎಂಬುದಕ್ಕೆ ವಸ್ತುವಿನ ಮಾತಾದರೆ ನ್ಯೂ, ಜೀವಿಯ ಮಾತಾದರೆ ಯಂಗ್ ವಿರುದ್ಧ. ಕೊಡುವುದಕ್ಕೆ ಪಡೆಯುವುದೂ ಎದುರು, ತೆಗೆದುಕೊಳ್ಳುವುದೂ ಎದುರು. ಆದಿಗೂ ಅಂತ್ಯಕ್ಕೂ ನಡುವೆ ಮಧ್ಯವೆಂಬ ಮೂರನೆಯದೂ ಇದೆ. ಸಮಾನಾರ್ಥಕಗಳೂ ಹಾಗೆಯೇ, ಒಂದೆಡೆ ಕುಳಿತ ಮಾತ್ರಕ್ಕೆ ಅವು ಒಂದರ ಬದಲಿಗೆ ಮತ್ತೊಂದು ಸಲ್ಲುವ ನಾಣ್ಯಗಳಲ್ಲ. ಅದಕ್ಕಾಗಿಯೇ ಅವರು ಅರ್ಥವಿವರಣೆಯನ್ನು ಕೊಡದೆ ಆಯ್ಕೆಯನ್ನು ಬರೆಹಗಾರನ ವಿವೇಕಕ್ಕೆ ಬಿಟ್ಟರು. ಹೀಗಿರುವುದರಿಂದ ಭಾಷೆಯಲ್ಲಿ ಇನ್ನೂ ಎಳೆಯರಾದವರ ಕೈಯಲ್ಲಿ ಈ ಗ್ರಂಥವು ತುಸು ಅಪಾಯಕಾರಿಯೂ ಹೌದು: ಪ್ರೌಢವೆಂದು ಕಂಡ ಶಬ್ದವನ್ನು ಸಂದರ್ಭವರಿಯದೆ ತಂದು ಕೂರಿಸಿದರೆ ವಾಕ್ಯವು ಕೆಡುತ್ತದೆ. ಥಿಸಾರಸಿನಲ್ಲಿ ಕಂಡ ಶಬ್ದವನ್ನು ನಿಘಂಟಿನಲ್ಲಿ ಒರೆ ಹಚ್ಚಿ, ಒಳ್ಳೆಯ ಲೇಖಕರ ಬಳಕೆಯಲ್ಲಿ ಕಂಡ ಮೇಲೆಯೇ ತನ್ನದಾಗಿಸಿಕೊಳ್ಳುವುದು ಲೇಸು.

ರೋಜೆಯವರು 1869ನೆಯ ಸೆಪ್ಟೆಂಬರ್ 12ರಂದು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ವೆಸ್ಟ್ ಮಾಲ್ವರ್ನ್ ಎಂಬಲ್ಲಿ ನಿಧನ ಹೊಂದಿದರು. ಅಷ್ಟರಲ್ಲಿ ಗ್ರಂಥವು ಹಲವು ಮುದ್ರಣಗಳನ್ನು ಕಂಡಿತ್ತು. ಅವರು ಬಿಟ್ಟುಹೋದ ಸ್ವಂತ ಪ್ರತಿಯ ಅಂಚುಗಳೂ ಖಾಲಿ ಜಾಗಗಳೂ ಹೊಸ ಶಬ್ದಗಳಿಂದ ತುಂಬಿದ್ದುವು. ಮಗ ಜಾನ್ ಲೂಯಿಸ್ ರೋಜೆಯವರು ಅವನ್ನೆಲ್ಲ ಸೇರಿಸಿ 1879ರಲ್ಲಿ ವಿಸ್ತೃತ ಆವೃತ್ತಿಯನ್ನು ಹೊರತಂದರು. ಅವರ ತರುವಾಯ ಆ ಹೊಣೆ ಮೊಮ್ಮಗನಿಗೆ ಬಂದಿತು.